ಎಓ 241: ಅಮೆರಿಕದ ರಾಜ್ಯ ಕೈದಿಗಳ ಹೇಬಿಯಸ್ ಫಾರ್ಮು ಹೇಗಿದೆ?

ರಾಜ್ಯ ಕೋರ್ಟಿನ ಶಿಕ್ಷೆಯನ್ನು ಫೆಡರಲ್ ಜಿಲ್ಲಾ ಕೋರ್ಟಿನಲ್ಲಿ ಪ್ರಶ್ನಿಸುವ ಕೈದಿ ವಕೀಲರಿಲ್ಲದೆಯೂ ತುಂಬಬಹುದಾದ ಹೇಬಿಯಸ್ ಕಾರ್ಪಸ್ (ಬಂಧನ ಕಾನೂನುಬದ್ಧವೇ ಎಂದು ಪ್ರಶ್ನಿಸುವ) ಅರ್ಜಿಯ ಫಾರ್ಮು ಇದು. ಶುಲ್ಕ 5 ಡಾಲರ್. ಅದೂ ಇಲ್ಲದವರು ಜೈಲು ಖಾತೆಯಲ್ಲಿರುವ ಹಣದ ದೃಢೀಕರಣ ಪತ್ರ ಲಗತ್ತಿಸಿ ವಿನಾಯಿತಿ ಕೇಳಬಹುದು. ಮೂಲಪ್ರತಿಯ ಜೊತೆ ಎರಡು ನಕಲು ಬೇಕು. ಪ್ರತಿವಾದಿಯ ಜಾಗದಲ್ಲಿ ರಾಜ್ಯದ ಹೆಸರು ಬರೆಯುವವರಿದ್ದಾರೆ. ಅಲ್ಲಿರಬೇಕಾದದ್ದು ಕೈದಿಯನ್ನು ವಶದಲ್ಲಿಟ್ಟುಕೊಂಡ ಅಧಿಕಾರಿ, ಸಾಮಾನ್ಯವಾಗಿ ಜೈಲಿನ ಮುಖ್ಯಸ್ಥನಾದ ವಾರ್ಡನ್.

ಫಾರ್ಮಿನ ಜೀವಾಳ 12ನೇ ಪ್ರಶ್ನೆ. ಶಿಕ್ಷೆಯನ್ನು ಪ್ರಶ್ನಿಸುವ ಪ್ರತಿ ಆಧಾರಕ್ಕೂ ಸಂಗತಿ ಬರೆಯಿರಿ, ಕಾನೂನು ವಾದ ಬೇಡ ಎನ್ನುತ್ತದೆ. ಒಳ್ಳೆಯ ಸೂಚನೆ. ‘ವಕೀಲರು ಸರಿಯಾಗಿ ವಾದಿಸಲಿಲ್ಲ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಸಾಕ್ಷಿಯನ್ನು ಕರೆಯಲಿಲ್ಲ, ಆತ ಏನು ಹೇಳುತ್ತಿದ್ದ, ಅದರಿಂದ ತೀರ್ಪು ಹೇಗೆ ಬೇರೆಯಾಗಬಹುದಿತ್ತು ಎಂಬುದು ಬೇಕು. ಅದೇ ಆಧಾರವನ್ನು ರಾಜ್ಯದ ಕೋರ್ಟುಗಳಲ್ಲಿ ಕೊನೆಯ ಮೆಟ್ಟಿಲವರೆಗೆ ಎತ್ತಿದ್ದಿರಾ ಎಂದೂ ಕೇಳುತ್ತದೆ. ಎತ್ತದ ಒಂದೇ ಒಂದು ಆಧಾರ ಸೇರಿದರೂ ಇಡೀ ಅರ್ಜಿ ವಜಾ ಆಗಬಹುದು; ಅಮೆರಿಕದ ಸುಪ್ರೀಂ ಕೋರ್ಟಿನ 1982ರ ರೋಸ್ ವಿರುದ್ಧ ಲಂಡಿ ತೀರ್ಪು ಹಾಕಿಕೊಟ್ಟ ನಿಯಮವಿದು. ಅಂಥ ಆಧಾರವನ್ನು ಕೈಬಿಡಬಹುದು, ಇಲ್ಲವೇ ತಕ್ಕ ಕಾರಣ ಕೊಟ್ಟು, ರಾಜ್ಯದ ಕೋರ್ಟಿಗೆ ಹೋಗಿ ಬರುವವರೆಗೆ ಫೆಡರಲ್ ಅರ್ಜಿಯನ್ನು ತಡೆಹಿಡಿಯುವಂತೆ ಕೋರಬಹುದು.

ದೊಡ್ಡ ಕೊರತೆ ಗಡುವಿನದು. ಎಲ್ಲಕ್ಕಿಂತ ಮೊದಲು ನೋಡಬೇಕಾದ, ಅರ್ಜಿ ಹಾಕಲು ಇರುವ ಒಂದು ವರ್ಷದ ಮಿತಿಯನ್ನು 18ನೇ ಪ್ರಶ್ನೆಗೆ ತಳ್ಳಿದ್ದಾರೆ! ಲೆಕ್ಕವೂ ಸುಲಭದ್ದಲ್ಲ. ರಾಜ್ಯದ ಸುಪ್ರೀಂ ಕೋರ್ಟ್ 2023ರ ಜನವರಿ 10ರಂದು ಮೇಲ್ಮನವಿ ತಳ್ಳಿಹಾಕಿತು, ಕೈದಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ ಎನ್ನಿ. ಅಲ್ಲಿಗೆ ಹೋಗಲು ಇದ್ದ 90 ದಿನ ಮುಗಿಯುವ ಏಪ್ರಿಲ್ 10ರಿಂದ ವರ್ಷದ ಎಣಿಕೆ ಶುರು. ಆರು ತಿಂಗಳ ಬಳಿಕ ರಾಜ್ಯದಲ್ಲಿ ಶಿಕ್ಷೆ ವಿರುದ್ಧ ಕ್ರಮಬದ್ಧ ಅರ್ಜಿ ಹಾಕಿದರೆ ಎಣಿಕೆ ನಿಲ್ಲುತ್ತದೆ, ಆದರೆ ಹಿಂದಕ್ಕೆ ತಿರುಗುವುದಿಲ್ಲ: ಉಳಿದದ್ದು ಇನ್ನಾರೇ ತಿಂಗಳು. ಆ ಅರ್ಜಿ ಕೊನೆಯ ಮೆಟ್ಟಿಲಲ್ಲಿ ಬಿದ್ದ ಮೇಲೆ ಇನ್ನೊಂದು 90 ದಿನ ಸಿಗದು. ಫೆಡರಲ್ ಅರ್ಜಿ ಬಾಕಿಯಿರುವಾಗಲೂ ಎಣಿಕೆ ನಿಲ್ಲುವುದಿಲ್ಲವಾದ್ದರಿಂದ, ಲಂಡಿ ನಿಯಮದಂತೆ ವಜಾ ಆದವರು ರಾಜ್ಯಕ್ಕೆ ಹೋಗಿ ಬರುವಷ್ಟರಲ್ಲಿ ಅವಧಿಯೇ ಮುಗಿದಿರಬಹುದು. ಇಂಥ ಗಡುವಿಲ್ಲದ ನಮ್ಮ ಹೈಕೋರ್ಟಿನ ಹೇಬಿಯಸ್ ಕಾರ್ಪಸ್ ಕಂಡವರಿಗೆ ಇದು ವಿಚಿತ್ರವೆನಿಸಬಹುದು.

ಕೊನೆಯಲ್ಲಿ ಅರ್ಜಿಯನ್ನು ಜೈಲಿನ ಅಂಚೆಗೆ ಕೊಟ್ಟ ದಿನಾಂಕ ಬರೆಯುವ ಜಾಗವಿದೆ. ಖಾಲಿ ಬಿಡಬೇಡಿ. ವಕೀಲರಿಲ್ಲದ ಕೈದಿಗೆ ಸಲ್ಲಿಕೆಯ ದಿನ ಅದೇ, ಕೋರ್ಟಿಗೆ ತಲುಪಿದ ದಿನವಲ್ಲ.

ಫಾರ್ಮಿಗೆ ನನ್ನ ಅಂಕ 5ಕ್ಕೆ 3. ಗಡುವಿನ ಪ್ರಶ್ನೆ ಮೊದಲ ಪುಟಕ್ಕೆ ಬಂದಿದ್ದರೆ 4 ಕೊಡಬಹುದಿತ್ತು.