‘ಇಂಪೋರ್ಟ್ ಮುಗಿಯಿತು’ ಎಂದ ಕೂಡಲೇ ಹಳೆಯ ಮೇಲ್ ಅಳಿಸಬೇಡಿ

ಔಟ್‌ಲುಕ್ ಎಂಬ ಮೇಲ್ ಪ್ರೋಗ್ರಾಂನಲ್ಲಿರುವ ಹಳೆಯ ಮೇಲ್‌ಗಳನ್ನು ಥಂಡರ್‌ಬರ್ಡ್ ಎಂಬ ಇನ್ನೊಂದಕ್ಕೆ ಸಾಗಿಸುವ ಯೋಚನೆಯಲ್ಲಿದ್ದೀರಾ? ಹಾಗಾದರೆ ನನ್ನ ಪಾಡು ಕೇಳಿ.

ಆರ್ಕೈವ್ ಎಲ್ಲ ಒಂದೇ ದೊಡ್ಡ ಪಿಎಸ್‌ಟಿ (ಔಟ್‌ಲುಕ್ ಮೇಲ್ ಕೂಡಿಡುವ) ಫೈಲ್‌ನಲ್ಲಿತ್ತು. ಅದನ್ನು ಥಂಡರ್‌ಬರ್ಡ್ ಬಳಸುವ ಎಂಬಾಕ್ಸ್ ಎಂಬ ರೂಪಕ್ಕೆ ಬದಲಿಸಿಕೊಡುವ ‘ಉಚಿತ’ ಕನ್ವರ್ಟರ್ ಒಂದು ಸಿಕ್ಕಿತು. ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ಕೆಲಸ ಮುಗಿಸಿ ‘ಯಶಸ್ವಿ’ ಎಂದಿತು. ಫೋಲ್ಡರ್‌ಗಳೆಲ್ಲ ಬಂದಿದ್ದವು. ಒಳಗೆ ನೋಡಿದರೆ ಪ್ರತಿಯೊಂದರಲ್ಲೂ ಮೊದಲ ಕೆಲವೇ ಮೇಲ್! ಉಳಿದದ್ದಕ್ಕೆ ದುಡ್ಡು ಕಟ್ಟಬೇಕು ಎಂಬ ಮಾತು ಸಹಾಯ ಪುಟದ ಯಾವುದೋ ಮೂಲೆಯಲ್ಲಿತ್ತು.

ಕಟ್ಟಿದೆ. ಈ ಸಲ ಮೇಲ್‌ಗಳ ಲೆಕ್ಕ ಮೂಲಕ್ಕಿಂತ ಜಾಸ್ತಿಯೇ ಬಂತು. ಖುಷಿಪಡುವ ವಿಷಯ ಅಲ್ಲ ಅದು. ಎಂಬಾಕ್ಸ್‌ನಲ್ಲಿ ಒಂದು ಫೋಲ್ಡರ್‌ನ ಮೇಲ್‌ಗಳೆಲ್ಲ ಒಂದರ ಕೆಳಗೊಂದು ಒಂದೇ ಪಠ್ಯ ಫೈಲ್‌ನಲ್ಲಿರುತ್ತವೆ. ಸಾಲಿನ ಆರಂಭದಲ್ಲಿ ‘ಫ್ರಮ್’ ಎಂಬ ಇಂಗ್ಲಿಷ್ ಪದ, ಅದರ ಪಕ್ಕ ಒಂದು ಸ್ಪೇಸ್ ಕಂಡರೆ ಹೊಸ ಮೇಲ್ ಶುರುವಾಯಿತು ಎಂದರ್ಥ. ಪತ್ರದ ಒಳಗೇ ಯಾರಾದರೂ ಒಂದು ಸಾಲನ್ನು ಹಾಗೆ ಶುರು ಮಾಡಿದ್ದರೆ? ಆ ಸಾಲಿನ ಮುಂದೆ ‘>’ ಗುರುತು ಹಾಕುವುದು ಫೈಲ್ ಬರೆಯುವ ಸಾಫ್ಟ್‌ವೇರ್‌ನ ಕೆಲಸ. ಈ ಪುಣ್ಯಾತ್ಮ ಹಾಕಿರಲಿಲ್ಲ. ಅಂಥ ಪತ್ರಗಳೆಲ್ಲ ಎರಡು ತುಂಡು. ಎರಡನೇ ತುಂಡಿಗೆ ಕಳಿಸಿದವರ ಹೆಸರಿಲ್ಲ, ವಿಷಯವಿಲ್ಲ. ಅಟ್ಯಾಚ್‌ಮೆಂಟ್ ಅದರೊಳಗೆ ಸೇರಿಕೊಂಡು, ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ.

ಪಿಎಸ್‌ಟಿ ಇನ್ನೂ ಹಾಗೇ ಇತ್ತು, ಬಚಾವ್.

ಕೊನೆಗೆ ಕೈಹಿಡಿದದ್ದು ಐಮ್ಯಾಪ್, ಅಂದರೆ ಮೇಲ್‌ಗಳನ್ನು ಸರ್ವರ್‌ನಲ್ಲೇ ಇಟ್ಟು ಬೇರೆ ಬೇರೆ ಪ್ರೋಗ್ರಾಂಗಳಿಂದ ನೋಡುವ ವಿಧಾನ. ಎರಡೂ ಪ್ರೋಗ್ರಾಂಗಳಲ್ಲಿ ಒಂದೇ ಐಮ್ಯಾಪ್ ಖಾತೆ ಹಾಕಿ, ಔಟ್‌ಲುಕ್‌ನಿಂದ ಸ್ವಲ್ಪ ಸ್ವಲ್ಪವೇ ಸರ್ವರ್‌ಗೆ ಕಾಪಿ ಮಾಡಿದೆ. ಮೂವ್ ಅಲ್ಲ, ಕಾಪಿ. ನಡುವೆ ನೆಟ್ ಕೈಕೊಟ್ಟರೂ ಮೂಲ ಉಳಿಯುತ್ತದೆ. ಆಮೇಲೆ ಥಂಡರ್‌ಬರ್ಡ್‌ನಲ್ಲಿ ‘ಲೋಕಲ್ ಫೋಲ್ಡರ್ಸ್’ಗೆ, ಅಂದರೆ ನನ್ನ ಕಂಪ್ಯೂಟರ್‌ಗೇ ಎಳೆದುಕೊಂಡೆ. ನಿಧಾನ, ಸರ್ವರ್‌ನಲ್ಲಿ ಜಾಗವೂ ಬೇಕು. ಆದರೆ ನಡುವೆ ಕನ್ವರ್ಟರ್‌ನ ಕಾಟವಿಲ್ಲ.

ಇದರಲ್ಲೂ ಒಂದು ಗೋಜಲು ಉಂಟು. ಸರ್ವರ್ ತನ್ನದೇ ಒಂದು ‘ಬಂದ ದಿನಾಂಕ’ ಇಟ್ಟುಕೊಳ್ಳುತ್ತದೆ. ಕಾಪಿ ಮಾಡುವ ಪ್ರೋಗ್ರಾಂ ಹಳೆಯ ದಿನಾಂಕ ತಿಳಿಸದಿದ್ದರೆ, ಎಷ್ಟೋ ವರ್ಷದ ಹಿಂದಿನ ಪತ್ರವೂ ಕೆಲವು ಆ್ಯಪ್‌ಗಳಲ್ಲಿ ಇವತ್ತೇ ಬಂದಂತೆ ಕಾಣುತ್ತದೆ. ಗಾಬರಿ ಬೇಡ. ಮೇಲ್‌ನ ಹೆಡರ್‌ನಲ್ಲಿ (ಕಳಿಸಿದವರು, ವಿಷಯ, ದಿನಾಂಕ ಇರುವ ಭಾಗ) ನಿಜವಾದ ದಿನಾಂಕ ಹಾಗೇ ಇರುತ್ತದೆ. ಥಂಡರ್‌ಬರ್ಡ್‌ನಲ್ಲಿ ‘ಡೇಟ್’ ಕಾಲಮ್ ಒತ್ತಿ ಜೋಡಿಸಿಕೊಳ್ಳಿ. ಫೋಲ್ಡರ್ ಖಾಲಿ ಕಂಡರೆ ಪ್ರಾಪರ್ಟೀಸ್‌ನಲ್ಲಿ ‘ರಿಪೇರ್ ಫೋಲ್ಡರ್’ ಒತ್ತಿ ನೋಡಿ. ಎಷ್ಟೋ ಸಲ ಕೆಟ್ಟಿರುವುದು ಎಂಎಸ್‌ಎಫ್ ಎಂಬ ಸೂಚಿ ಫೈಲ್ ಮಾತ್ರ, ಮೇಲ್ ಅಲ್ಲ.

ಪಿಎಸ್‌ಟಿಯ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕುವವರು ಅದು ಎಫ್‌ಎಟಿ32 ಎಂಬ ಫಾರ್ಮ್ಯಾಟ್‌ನಲ್ಲಿದೆಯಾ ನೋಡಿಕೊಳ್ಳಿ. 4 ಜಿಬಿ ದಾಟಿದ ಫೈಲ್ ಅದಕ್ಕೆ ಹಿಡಿಸುವುದಿಲ್ಲ.

ಲೆಕ್ಕ ಸರಿ ಬಂದರೂ ಪ್ರತಿ ಫೋಲ್ಡರ್‌ನಲ್ಲಿ ತೀರಾ ಹಳೆಯದೊಂದು, ದೊಡ್ಡ ಅಟ್ಯಾಚ್‌ಮೆಂಟ್ ಇರುವುದೊಂದು, ಕನ್ನಡದಲ್ಲಿರುವುದೊಂದು ತೆರೆದು ನೋಡಿ. ‘ಫೈಲ್ ಅಪ್‌ಲೋಡ್ ಮಾಡಿ, ನಾವೇ ಬದಲಿಸಿ ಕೊಡುತ್ತೇವೆ’ ಎನ್ನುವ ಸೈಟ್‌ಗಳ ಸಹವಾಸವಂತೂ ಬೇಡವೇ ಬೇಡ. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ವರ್ಡ್ ಬದಲಿಸಿದ ಮೇಲ್ ಎಲ್ಲ ಆ ಫೈಲ್ ಒಳಗೇ ಇರುತ್ತವೆ, ಅಲ್ವಾ?