ಅಪೆಕ್ಸ್ ಎಕ್ಸ್‌ಟಿಎಕ್ಸ್ 50 ರೆಗ್ಯುಲೇಟರ್: ತಣ್ಣೀರಿಗೆ ಸೈ, ನೇತ್ರಾಣಿಗೆ ಬೇಕಾ?

ಮಡಿಕೇರಿಯಲ್ಲಿ ನಮ್ಮ ಪಕ್ಕದ ಮನೆ ಹುಡುಗ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಕಲಿತು ಬಂದಿದ್ದಾನೆ. ಬಂದವನೇ ನನ್ನ ಅಪೆಕ್ಸ್ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಧನ) ಕೈಗೆತ್ತಿಕೊಂಡು, "ಅಣ್ಣ, ನಾನೂ ಇದನ್ನೇ ತಗೊಳ್ಳಲಾ?" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಸೆಕೆಂಡ್ ಹ್ಯಾಂಡ್. ಕೆಲಸದ ಮೇಲೆ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದಾಗ ಗೆಳೆಯನಿಂದ ಕೊಂಡಿದ್ದು. ಅದಕ್ಕೆ ಕಾರಣ ಒಂದು ಬಾಡಿಗೆ ಸೆಟ್. ಫೆಬ್ರುವರಿಯಲ್ಲಿ ನೀರು ತುಂಬಿದ ಹಳೇ ಕಲ್ಲುಕ್ವಾರಿಗೆ ಇಳಿದಿದ್ದೆವು, ನೀರು 5 ಡಿಗ್ರಿ. ಕೊಡಗಿನವನಿಗೆ ಚಳಿ ಏನು ಮಹಾ ಅನ್ನುವ ಜಂಬ ಬೇರೆ. ದಡದಲ್ಲೇ ನಾಲ್ಕೈದು ಸಲ ಉಸಿರೆಳೆದು, ಗಾಳಿ ತಾನಾಗೇ ಹರಿಸುವ ಪರ್ಜ್ ಬಟನ್ ಒತ್ತಿ ಒತ್ತಿ ನೋಡಿ ಇಳಿದೆ. 12 ಮೀಟರ್ ಆಳದಲ್ಲಿ, ತೇಲಲು ತೊಡುವ ಜಾಕೆಟ್‌ಗೆ ಗಾಳಿ ತುಂಬಿಸುತ್ತಲೇ ಜೋರಾಗಿ ಉಸಿರೆಳೆದೆ ನೋಡಿ, ಬುಸ್ ಅಂತ ಗಾಳಿ ನುಗ್ಗೋಕೆ ಶುರುವಾಯಿತು. ನಿಲ್ಲಲೇ ಇಲ್ಲ. ಜೊತೆಗಾರ ತನ್ನ ಆಕ್ಟೋಪಸ್ (ಉಸಿರಾಡಲು ಇರುವ ಎರಡನೇ ಬಾಯಿತುಂಡು) ಕೊಟ್ಟು, ನನ್ನ ಸಿಲಿಂಡರ್ ವಾಲ್ವ್ ಮುಚ್ಚಿ, ಹಾಗೂ ಹೀಗೂ ಮೇಲೆ ಕರೆತಂದ.

ಜೀಪಿನ ಟೈರಿನ ಗಾಳಿ ಬಿಡುವಾಗ ವಾಲ್ವ್ ಹತ್ತಿರ ಬೆರಳಿಟ್ಟು ನೋಡಿದ್ದೀರಲ್ವಾ, ತಣ್ಣಗಿರುತ್ತದೆ. ಅಲ್ಲಿ ಒತ್ತಡ ಎರಡು ಮೂರು ಬಾರ್. ಇಲ್ಲಿ ಸಿಲಿಂಡರಿನ 200 ಬಾರ್ ಒಂದೇ ಏಟಿಗೆ ಸುಮಾರು 10 ಬಾರ್‌ಗೆ ಇಳಿಯುತ್ತದೆ. ಸಿಲಿಂಡರಿಗೆ ಸಿಕ್ಕಿಸುವ ಭಾಗವಾದ ಫಸ್ಟ್ ಸ್ಟೇಜ್ ಸೊನ್ನೆಗಿಂತ ಕೆಳಗೆ ಹೋಗಿ, ಸ್ಪ್ರಿಂಗ್ ಸುತ್ತ ಇರುವ ನೀರು ಹೆಪ್ಪುಗಟ್ಟಿ, ವಾಲ್ವ್ ತೆರೆದಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಹೋಸ್‌ನಲ್ಲಿ ಒತ್ತಡ ಏರಿ ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ತಾನಾಗೇ ಬಾಯ್ತೆರೆಯುತ್ತದೆ. ಗಾಳಿ ಹರಿದಷ್ಟೂ ಇನ್ನೂ ತಣ್ಣಗೆ.

ಅಪೆಕ್ಸ್‌ನಲ್ಲಿ ನನಗೆ ಇಷ್ಟವಾಗಿದ್ದು ಇಲ್ಲೇ. ಸ್ಪ್ರಿಂಗ್ ಇರುವ ಜಾಗ ಪೂರ್ತಿ ಸೀಲ್ ಆಗಿದೆ, ನೀರು ಒಳಗೆ ಬರುವುದೇ ಇಲ್ಲ. ಸೆಕೆಂಡ್ ಸ್ಟೇಜಿಗೆ ಲೋಹದ ಹೀಟ್ ಎಕ್ಸ್‌ಚೇಂಜರ್ ಇದೆ, ಸುತ್ತಲಿನ ನೀರಿನಿಂದಲೇ ಶಾಖ ಎಳೆದುಕೊಳ್ಳುತ್ತದೆ. 4 ಡಿಗ್ರಿ ನೀರಿನಿಂದ ಎಂಥ ಶಾಖ ಅಂತ ನಗಬೇಡಿ, ಒಳಗಿನ ಗಾಳಿಗೆ ಅದೇ ಬಿಸಿನೀರು. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ, ವರ್ಷವಿಡೀ 2ರಿಂದ 4 ಡಿಗ್ರಿ ಇರುವ ನೀರಿನಲ್ಲಿ, ಎರಡು ಡೈವ್ ಮಾಡಿದೆ. ಒಂದು ಗುಳ್ಳೆ ಜಾಸ್ತಿ ಬರಲಿಲ್ಲ. ನನ್ನ ತುಟಿ ಮರಗಟ್ಟಿತ್ತು, ಅದು ಬೇರೆ ಮಾತು.

ಆದರೆ ಪೂರ್ತಿ ಅಂಕ ಮಶೀನಿಗೇ ಕೊಡಲಾರೆ, ಅಷ್ಟರಲ್ಲಿ ನಾನೂ ಬುದ್ಧಿ ಕಲಿತಿದ್ದೆ. ನೀರಿಗೆ ಇಳಿಯುವವರೆಗೆ ಅದರಲ್ಲಿ ಉಸಿರಾಡುವುದಿಲ್ಲ, ಉಸಿರಿನ ತೇವವೇ ಒಳಗೆ ಮಂಜಾಗುತ್ತದೆ. ಪರ್ಜ್ ಸುಮ್ನೆ ಒತ್ತುವುದಿಲ್ಲ. ಜಾಕೆಟ್‌ಗೆ ಗಾಳಿ ಚೂರು ಚೂರೇ, ಅದೂ ಉಸಿರು ಬಿಡುವಾಗ. ಗಾಳಿಯ ಹರಿವು ಹೆಚ್ಚು ಕಡಿಮೆ ಮಾಡುವ ವೆಂಚುರಿ ಲಿವರ್ ಬಾಯಿಗೆ ಇಡುವ ತನಕ ಮೈನಸ್‌ನಲ್ಲೇ, ಅಂದರೆ ಕಡಿಮೆ ಕಡೆಗೇ. ಸಿಲಿಂಡರಿಗೆ ತುಂಬಿಸಿದ ಗಾಳಿ ಒಣಗಿರಬೇಕು, ಇಲ್ಲದಿದ್ದರೆ ಎಂಥ ಸೀಲ್ ಇದ್ದೂ ದಂಡ.

ಊರಿಗೆ ಬಂದ ಮೇಲೆ ಕಷ್ಟ ಕೊಟ್ಟಿದ್ದು ಚಳಿಯಲ್ಲ, ನಮ್ಮ ಮಳೆ. ಜುಲೈನಲ್ಲಿ ಚಪ್ಪಲಿಗೇ ಬೂಸ್ಟು ಹಿಡಿಯುವ ಊರಲ್ಲಿ ಇದು ಒಣಗುವುದು ಯಾವಾಗ? ಅಮ್ಮ ಪಾಪ ಬಟ್ಟೆಯ ಜೊತೆ ಇದನ್ನೂ ಅಗ್ಗಿಷ್ಟಿಕೆ ಮೇಲೆ ನೇತು ಹಾಕಿದ್ದರು. ಓಡಿ ಹೋಗಿ ಇಳಿಸಿದೆ, ರಬ್ಬರ್ ಹೋಸ್ ಅಲ್ವಾ. ಈಗ ಫಸ್ಟ್ ಸ್ಟೇಜಿನ ಬಾಯಿ ಮುಚ್ಚುವ ಡಸ್ಟ್ ಕ್ಯಾಪ್ ಒರೆಸಿ ಬಿಗಿದು, ಫ್ಯಾನ್ ಗಾಳಿಗೆ ಇಡುತ್ತೇನೆ. ಸರ್ವಿಸ್ ಮಾಡುವವರು ಮಡಿಕೇರಿಯಲ್ಲಿ ನನಗೆ ಸಿಕ್ಕಿಲ್ಲ, ಆ ಸೀಲ್ ಬಿಚ್ಚುವುದು ಮನೆಯಲ್ಲಿ ಆಗುವ ಕೆಲಸವೂ ಅಲ್ಲ.

10 ಡಿಗ್ರಿಗಿಂತ ತಣ್ಣನೆ ನೀರಿಗೆ ಹೋಗುವವರು ಕಣ್ಣುಮುಚ್ಚಿ ಕೊಳ್ಳಬಹುದು. ಬೇರೆ ಯಾವುದೇ ಕೊಂಡರೂ ಅದರ ಮೇಲೆ ಇಎನ್ 250 (ಯುರೋಪಿನ ಗುಣಮಟ್ಟದ ಗುರುತು) ಪಕ್ಕದಲ್ಲಿ 10 ಡಿಗ್ರಿಗಿಂತ ಹೆಚ್ಚು ಎಂಬ ಗುರುತಿದೆಯಾ ನೋಡಿ. ಇದ್ದರೆ ಅದು ತಣ್ಣೀರಿಗೆ ಅಲ್ಲ. ನೇತ್ರಾಣಿಯ ಬೆಚ್ಚನೆ ನೀರಿಗೆ ಅದೇ ಧಾರಾಳ. ಹುಡುಗನಿಗೆ ಮೊದಲು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ತಗೋ ಅಂದೆ, ಮುಖ ಸಪ್ಪಗೆ ಮಾಡಿಕೊಂಡು ಹೋದ.