ಮನೆ ಪತ್ರದಲ್ಲಿ ನನ್ನ ಹೆಸರೂ ಇದೆಯಲ್ಲ, ಮನೆಗೇನಾಗತ್ತೆ ಅಂದ್ಕೊಂಡಿದ್ದೆ

ಗಂಡ ಹೆಂಡ್ತಿ ಇಬ್ಬರ ಹೆಸರಲ್ಲೂ ಮನೆ ಇರೋರು, ಅದ್ರಲ್ಲೂ ಒಬ್ರು ಬಿಸಿನೆಸ್ ಮಾಡ್ತಿದ್ರೆ, ಇದನ್ನ ಓದ್ಬಿಡಿ. ನಮ್ಮನೆಯವ್ರು ದಿವಾಳಿ ಅರ್ಜಿ ಹಾಕಿದಾಗ ಅತ್ತಿದ್ದೇನೋ ನಿಜ, ಆದ್ರೆ ಮನೆ ವಿಷಯದಲ್ಲಿ ಮಾತ್ರ ಧೈರ್ಯವಾಗೇ ಇದ್ದೆ. ಸಾಲ ಅವ್ರದ್ದು, ಪತ್ರದಲ್ಲಿ ನಾನೂ ಇದೀನಿ, ಯಾರೇನ್ ಮಾಡಕ್ಕಾಗತ್ತೆ ಅಂತ.

ಎಂಥಾ ಪೆದ್ದಿ ನಾನು! ಜಾಯಿಂಟ್ ಹೆಸರಿಂದ ಉಳಿಯೋದು ನಮ್ಮ ಪಾಲು ಅಷ್ಟೇ, ಮನೆ ಅಲ್ಲ. ದಿವಾಳಿ ಆದೇಶ ಆದ್ಮೇಲೆ ಅವ್ರ ಅರ್ಧ ಟ್ರಸ್ಟಿ (ದಿವಾಳಿ ಆದೋರ ಆಸ್ತಿ ನೋಡ್ಕೊಳ್ಳೋಕೆ ನೇಮಕ ಆಗೋರು) ಕೈಗೆ ಹೋಯ್ತು, ಅಂದ್ರೆ ಮುಖಾನೇ ನೋಡಿರದ ಮನುಷ್ಯನ ಜೊತೆ ನಾನು ಮನೆ ಪಾಲುದಾರಳಾದೆ. ಸಾಲ ಕೊಟ್ಟೋರಿಗೆ ದುಡ್ಡು ಹೊಂದಿಸೋದೇ ಅವ್ರ ಕೆಲ್ಸ, ತಪ್ಪು ಅನ್ನಲ್ಲ. ಆದ್ರೆ ಲೆಟರ್ ಬಂತು ನೋಡಿ, ಆ ಅರ್ಧ ನೀವೇ ಕೊಂಡ್ಕೊಳ್ಳಿ, ಇಲ್ಲಾಂದ್ರೆ ಇಡೀ ಮನೆ ಮಾರಕ್ಕೆ ಕೋರ್ಟಿಗೆ ಹೋಗ್ತೀವಿ ಅಂತ. ಅರ್ಧ ಮನೆ ಯಾರು ತಗೋತಾರೆ? ಮನೆ ಬೆಲೆ 100 ಅಂತಿಟ್ಕೊಳ್ಳಿ, ಹೋಮ್ ಲೋನ್ ಬಾಕಿ 60, ಉಳಿದ 40ರಲ್ಲಿ ನಂದು 20, ಟ್ರಸ್ಟಿದು 20. ಹೋಮ್ ಲೋನಿಗೆ ನಾನೂ ಸೈನ್ ಹಾಕಿದ್ದೆ, ಹಾಗಾಗಿ ಬ್ಯಾಂಕಿಗೆ ಪೂರ್ತಿ ಕಂತು ನಾನೇ ಕಟ್ಬೇಕು, ಅರ್ಧ ಕಟ್ತೀನಿ ಅಂದ್ರೆ ಅವ್ರು ಕೇಳಲ್ಲ.

ಇನ್ನೊಂದು ಸೈನಿನ ಕಥೆ. ಒಲೆ ಮೇಲೆ ಹಾಲಿಟ್ಟಿದ್ದೆ, ಇವ್ರು ಪೇಪರ್ ಕಟ್ಟು ತಂದು "ಬರೀ ಫಾರ್ಮಾಲಿಟಿ ಕಣೇ, ಪೆನ್ಸಿಲ್ ಗುರುತಿರೋ ಕಡೆ ಹಾಕು" ಅಂದ್ರು, "ಏನ್ರೀ ಇದು" ಅಂತ ಕೇಳಿದ್ನೇ ಹೊರತು ಉತ್ತರಕ್ಕೂ ಕಾಯದೆ ಒದ್ದೆ ಕೈಯಲ್ಲೇ ಹಾಕ್ಬಿಟ್ಟೆ. ಅದು ಬಿಸಿನೆಸ್ ಸಾಲಕ್ಕೆ ನನ್ನ ಸ್ವಂತ ಜಾಮೀನು! ಅವ್ರ ಸಾಲ ದಿವಾಳಿಯಲ್ಲಿ ಮನ್ನಾ ಆದ್ರೂ ಜಾಮೀನು ಹಾಕಿದೋರನ್ನ ಬಿಡಲ್ಲ, ಅದೂ ಈಗ ನನ್ನ ತಲೆ ಮೇಲೇ ಇದೆ. ಆ ಪೇಪರಲ್ಲಿ ನೀರಿಗೆ ಇಂಕ್ ಹರಡಿರೋ ನನ್ನ ಸೈನ್ ನೋಡಿದ್ರೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಇದಕ್ಕೆಲ್ಲ ಮುಂಚೆನೇ ನೆಂಟರೊಬ್ರು ಅವ್ರ ಪಾಲನ್ನ ನಿನ್ನ ಹೆಸರಿಗೆ ದಾನಪತ್ರ ಮಾಡಿಸ್ಕೋ ಅಂದಿದ್ರು, ಅರ್ಜಿಗೆ 6 ತಿಂಗಳು ಮುಂಚೆ ಮಾಡಿಸಿದ್ವಿ ಕೂಡ. ಟ್ರಸ್ಟಿ ಮೊದ್ಲು ಹುಡುಕಿದ್ದೇ ಅದನ್ನ. ದಿವಾಳಿಗೆ ಸ್ವಲ್ಪ ಮುಂಚೆ ಪುಕ್ಕಟೆಯಾಗಿ ಕೊಟ್ಟಿದ್ದನ್ನ ಕೋರ್ಟು ರದ್ದು ಮಾಡ್ಬಹುದು, ಮಾಡ್ತು. ವಕೀಲರ ಫೀಸು ದಂಡ, ಮೇಲೆ ಅನುಮಾನ ಬೇರೆ.

ಕೈ ಹಿಡಿದಿದ್ದು ಒಂದು ಹಳೇ ಪಾಸ್‌ಬುಕ್. ಮನೆ ತಗೊಳ್ಳುವಾಗ ಮುಂಗಡ ನನ್ನ ಅಕೌಂಟಿಂದ ಹೋಗಿತ್ತು, ಅದನ್ನ ತೋರಿಸಿದ್ಮೇಲೆ ನನ್ನ ಪಾಲು ಸ್ವಲ್ಪ ಜಾಸ್ತಿ ಆಯ್ತು. ಕಾನೂನು ದೇಶಕ್ಕೊಂದು ಥರ, ಕೆಲವು ಕಡೆ ವಾಸದ ಮನೆಗೆ ರಕ್ಷಣೆನೂ ಇದೆ, ಹಾಗಾಗಿ ಅರ್ಜಿ ಹಾಕೋಕೆ ಮುಂಚೆ ನಿಮ್ಮದೇ ಬೇರೆ ವಕೀಲರನ್ನ ಕೇಳಿ, ಗಂಡನ ವಕೀಲರನ್ನಲ್ಲ.

ತಮ್ಮನ ಹತ್ರ ಸಾಲ ಮಾಡಿ ಟ್ರಸ್ಟಿ ಪಾಲು ಬಿಡಿಸ್ಕೊಂಡೆ. ವರ್ಷಗಟ್ಟಲೆ ಗುಡಿಸಿ ಒರೆಸಿದ ಮನೇನೇ ಎರಡನೇ ಸಲ ಕೊಂಡ್ಕೊಂಡೆ, ಅದೂ ಈಗಿನ ರೇಟಲ್ಲಿ.